ಆರೂವರೆ ನಿಮಿಷದ ಓಟಕ್ಕೆ ಎಂಥ ಶೂ?

ಚಿಂತಾಮಣಿ: ಬೆಂಗಳೂರಿನ ಮೊದಲ ಬಸ್ಸು ಹಿಡಿಯುವವರು ಆಕಳಿಸುತ್ತಾ ನಿಲ್ದಾಣದ ಕಡೆ ಕಾಲೆಳೆಯುವ ಹೊತ್ತಿಗೆ ಝಾನ್ಸಿ ಕ್ರೀಡಾಂಗಣದಲ್ಲಿ ಓಟ ಶುರುವಾಗಿರುತ್ತದೆ. ಇನ್ನೂ ಕತ್ತಲು. ಮುಖ ಕಾಣದು, ಕಾಲಿನ ಸದ್ದು ಮಾತ್ರ ಕೇಳುತ್ತದೆ. ಆ ಸದ್ದಿನಲ್ಲೇ ಯಾರ ಕಾಲಲ್ಲಿ ಏನಿದೆ ಎಂದು ಹೇಳಿಬಿಡಬಹುದು. ಪಟಪಟ ಎಂದರೆ ಶಾಲೆಯ ಕ್ಯಾನ್ವಾಸ್. ಧಪ್ ಧಪ್ ಎಂದರೆ ದಪ್ಪ ಅಟ್ಟೆಯ ಫ್ಯಾಷನ್ ಶೂ. ಸದ್ದೇ ಇಲ್ಲದೆ ಪಕ್ಕದಲ್ಲಿ ಹಾದುಹೋದವನು ಬರಿಗಾಲಿನವನು. ಅವನ ಹವಾಯಿ ಚಪ್ಪಲಿ ಗೇಟಿನ ಹತ್ತಿರ ಸೈಕಲ್ಲಿನ ಕೆಳಗೆ ಕಾದಿರುತ್ತದೆ.

ಇವರು ಹೊಟ್ಟೆ ಕರಗಿಸಲು ಬಂದವರಲ್ಲ. ಆ ಮಂದಿ ಬರುವುದು ಆರು ಗಂಟೆಯ ಮೇಲೆ, ಅದೂ ರಾಜಕೀಯ ಮಾತಾಡಿಕೊಂಡು. ಇವರು ಕೈವಾರ, ಮುರುಗಮಲ್ಲ, ಕೆಂಚಾರ್ಲಹಳ್ಳಿ, ಮುಂಗಾನಹಳ್ಳಿ ಕಡೆಯಿಂದ ಬಂದು ಪಟ್ಟಣದಲ್ಲಿ ನಾಲ್ಕು ಜನ ಸೇರಿ ಒಂದು ರೂಮು ಹಿಡಿದ ಹುಡುಗರು. ಡಿಗ್ರಿ ಮುಗಿದಿದೆ, ಇಲ್ಲವೇ ಅರ್ಧಕ್ಕೆ ನಿಂತಿದೆ. ಕಣ್ಣು ಇರುವುದು ಖಾಕಿ ಅಂಗಿಯ ಮೇಲೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಹುಡುಗಿಯರಿಗೆ 400 ಮೀಟರು, 2 ನಿಮಿಷ. ಆಮೇಲೆ ಜಿಗಿತ, ಗುಂಡು ಎಸೆತ ಬೇರೆ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಕಡೆ ಹೊರಟವರಿಗೆ ಇನ್ನೂ ಉದ್ದ: ಹುಡುಗರಿಗೆ 24 ನಿಮಿಷದಲ್ಲಿ 5 ಕಿಲೋಮೀಟರು, ಹುಡುಗಿಯರಿಗೆ ಎಂಟೂವರೆ ನಿಮಿಷದಲ್ಲಿ 1600 ಮೀಟರು.

ಲೆಕ್ಕ ಹಾಕಿ ನೋಡಿ. 400 ಮೀಟರಿನ ಮೈದಾನಕ್ಕೆ ನಾಲ್ಕು ಸುತ್ತು. ಒಂದು ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ನಾಲ್ಕನೇ ಸುತ್ತಿನ ಕೊನೆಯಲ್ಲಿ ಗೆರೆ ಮುಟ್ಟುವಾಗ ಗಡಿಯಾರ 6 ನಿಮಿಷ 32 ತೋರಿಸಿದರೆ ಆಯಿತು, ಅಲ್ಲಿಗೆ ಮುಗಿಯಿತು. ಬರೆಯುವ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಮುಂದಿನ ಸಲ ಅರ್ಜಿ ಕರೆಯುವವರೆಗೆ ಮನೆಯಲ್ಲಿ ಕೂರಬೇಕು. ವಯಸ್ಸು ಮೀರಿದರೆ ಅದೂ ಇಲ್ಲ.

ಹೀಗಾಗಿಯೇ ಚಿಂತಾಮಣಿ ಪೇಟೆಯ ಶೂ ಅಂಗಡಿಗಳಲ್ಲಿ ಒಂದು ಹೊಸ ಪ್ರಶ್ನೆ ಹುಟ್ಟಿದೆ. ಮದುವೆಗೆ ಶೂ ಕೊಳ್ಳುವವನು ಬಣ್ಣ ಕೇಳುತ್ತಾನೆ. ಶಾಲೆಗೆ ಕೊಳ್ಳುವ ತಾಯಿ ಎಷ್ಟು ವರ್ಷ ಬಾಳುತ್ತೆ ಎಂದು ಕೇಳುತ್ತಾಳೆ. ಈ ಹುಡುಗರು ಕೇಳುವುದೇ ಬೇರೆ: "ಅಣ್ಣಾ, ಯಾವುದು ಹಾಕಿದ್ರೆ ಟೈಮಿಂಗ್ ಬರುತ್ತೆ?"

ಅಂಗಡಿಯವನೇನು ಮಾಡಿಯಾನು? ಗೋಡೆಯ ಮೇಲೆ ಹೊಳೆಯುತ್ತಿರುವುದನ್ನು ತೋರಿಸುತ್ತಾನೆ.

ಬರಿಗಾಲಿನವರ ವಾದ

ಹಳೆಯ ಓಟಗಾರರನ್ನು ಕೇಳಿದರೆ ಶೂ ಯಾಕಪ್ಪ, ನಾವೆಲ್ಲ ಬರಿಗಾಲಲ್ಲೇ ಓಡಿ ಕಪ್ಪು ತಂದವರು ಎನ್ನುತ್ತಾರೆ. ಅದೂ ಸುಳ್ಳಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ಭಾರತದ ಫುಟ್‌ಬಾಲ್ ತಂಡದ ಬಹುಪಾಲು ಆಟಗಾರರ ಕಾಲಿನಲ್ಲಿ ಬೂಟು ಇರಲಿಲ್ಲ. ಅಂದಿನ ಮೈಸೂರು ಸೀಮೆಯ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಭಾರತ ಎರಡು ಪೆನಾಲ್ಟಿ ಕಳೆದುಕೊಂಡು 2–1ರಲ್ಲಿ ಸೋತಿತು. ಸೋತರೂ ಲಂಡನ್ನಿನವರು ಬೆರಗಾದರು. ಆದರೆ ನಾಲ್ಕೇ ವರ್ಷಕ್ಕೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಅದೇ ಬರಿಗಾಲು ಕೈಕೊಟ್ಟಿತು. ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯಿಂದ ಬಂದದ್ದು ಒಂದೇ ಗೋಲು, ಅದೂ ಬೆಂಗಳೂರಿನ ಅಹ್ಮದ್ ಖಾನ್ ಅವರ ಕಾಲಿನಿಂದ. ಆಮೇಲೆ ಬೂಟು ಕಡ್ಡಾಯವಾಯಿತು.

ಬರಿಗಾಲಿನ ಕಥೆ ಹೇಳುವವರು ಇಥಿಯೋಪಿಯಾದ ಅಬೆಬೆ ಬಿಕಿಲನ ಹೆಸರು ಬಿಡುವುದಿಲ್ಲ. 1960ರಲ್ಲಿ ರೋಮ್ ನಗರದ ಕಲ್ಲುಹಾಸಿನ ಬೀದಿಗಳಲ್ಲಿ ಬರಿಗಾಲಲ್ಲಿ 42 ಕಿಲೋಮೀಟರು ಓಡಿ ಚಿನ್ನ ಗೆದ್ದ ಪುಣ್ಯಾತ್ಮ. ಆದರೆ ಕಥೆಯ ಉಳಿದರ್ಧ ಯಾರೂ ಹೇಳುವುದಿಲ್ಲ. ಅವನು ಬರಿಗಾಲಲ್ಲಿ ಓಡಿದ್ದು ಕಂಪೆನಿಯವರು ಕೊಟ್ಟ ಶೂ ಕಾಲಿಗೆ ಸರಿಹೊಂದಲಿಲ್ಲ ಎಂದು. ನಾಲ್ಕು ವರ್ಷದ ನಂತರ 1964ರ ಟೋಕಿಯೋದಲ್ಲಿ ಸರಿಹೊಂದುವ ಶೂ ಸಿಕ್ಕಿತು, ಸಾಕ್ಸು ಸಮೇತ ಹಾಕಿಕೊಂಡು ಓಡಿದ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಕೆಲವೇ ವಾರ ಆಗಿತ್ತು. ಆದರೂ ರೋಮ್‌ನಲ್ಲಿ ಓಡಿದ್ದಕ್ಕಿಂತ ಮೂರು ನಿಮಿಷ ಬೇಗ ಮುಗಿಸಿದ. (ಅದೇ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಓಡಿದವರಲ್ಲಿ ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಒಬ್ಬರು ಎಂಬುದು ನಮ್ಮ ಸೀಮೆಯವರಿಗೇ ಮರೆತುಹೋಗಿದೆ. 2022ರಲ್ಲಿ ಅವರು ತೀರಿಕೊಂಡರು.)

ಚಿಕ್ಕಂದಿನಿಂದ ಹೊಲದಲ್ಲಿ ಬರಿಗಾಲಲ್ಲೇ ಬೆಳೆದವನಿಗೆ ನಾಲ್ಕು ಸುತ್ತು ಬರಿಗಾಲಲ್ಲಿ ಓಡುವುದು ದೊಡ್ಡದಲ್ಲ. ಅಂಥವರು ಪರೀಕ್ಷೆಯಲ್ಲೂ ಹಾಗೇ ಓಡುತ್ತಾರೆ, ಗೆಲ್ಲುತ್ತಾರೆ. ತಾಪತ್ರಯ ಬರುವುದು ಅಭ್ಯಾಸದ ದಿನಗಳಲ್ಲಿ. ನಾಲ್ಕು ಸುತ್ತಲ್ಲ, ತಿಂಗಳುಗಟ್ಟಲೆ ದಿನಾ ಇಪ್ಪತ್ತು ಸುತ್ತು ಓಡಬೇಕು. ನಮ್ಮ ಮೈದಾನಗಳೋ ಮಣ್ಣಿನವು. ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಕಾಂಕ್ರೀಟಿನಂಥ ಗಟ್ಟಿ, ಸಭೆ ಸಮಾರಂಭ ಆದ ಮರುದಿನ ಮೊಳೆ, ಗಾಜಿನ ಚೂರು. ಒಂದು ಮೊಳೆ ಸಾಕು, ಹದಿನೈದು ದಿನದ ಅಭ್ಯಾಸ ಮಣ್ಣು.

ಪೇಟೆಯಲ್ಲಿ ಏನಿದೆ?

ಕ್ಯಾನ್ವಾಸ್ ಶೂ ಒಂದು ಕಾಲದಲ್ಲಿ ಎಲ್ಲಕ್ಕೂ ಸಾಕಾಗಿತ್ತು. ಪಿ.ಟಿ., ಎನ್‌ಸಿಸಿ, ವಾಲಿಬಾಲು, ಆಗಸ್ಟ್ ಹದಿನೈದರ ಪೆರೇಡು, ಎಲ್ಲ ಅದರಲ್ಲೇ. ಅದರ ಅಟ್ಟೆ ಬರೀ ರಬ್ಬರು. ಬಾಳಿಕೆ ಇದೆ, ಬಸ್ ನಿಲ್ದಾಣದ ಬದಿಯಲ್ಲಿ ಕೂರುವ ಮೋಚಿ ಹೊಲಿದು ಕೊಡಬಲ್ಲ, ಆದರೆ ಹಿಮ್ಮಡಿಗೆ ಬೀಳುವ ಪೆಟ್ಟನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಎಪ್ಪತ್ತರ ದಶಕದಿಂದೀಚೆಗೆ ಓಟದ ಶೂಗಳಿಗೆ ಫೋಮಿನ ಅಟ್ಟೆ ಬಂತು. ಹಗುರ, ಮೆತ್ತಗೆ. ಅದು ಸತ್ತರೆ ಮಾತ್ರ ಯಾವ ಮೋಚಿಯೂ ಬದುಕಿಸಲಾರ.

ಈಗ ಪೇಟೆಯಲ್ಲಿ ಮೂರು ಬಗೆ. ಒಂದು, ನಮ್ಮ ದೇಶದ ಕಂಪೆನಿಗಳ ಸಾವಿರದಿಂದ ಎರಡು ಸಾವಿರದ ಆಸುಪಾಸಿನ ಓಟದ ಶೂ. ಹರಿಯಾಣದ ಬಹಾದ್ದೂರ್‌ಗಢ, ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಮಾಲು ಇದರಲ್ಲಿ ಬಹಳ. ಎರಡು, ಪರದೇಶದ ಹೆಸರಿನ ಅಸಲಿ ಶೂ. ಮೂರು, ಅದೇ ಪರದೇಶದ ಹೆಸರಿನ ನಕಲಿ. ಅದಕ್ಕೆ ಪೇಟೆಯಲ್ಲಿ 'ಫಸ್ಟ್ ಕಾಪಿ' ಎಂದು ಮರ್ಯಾದೆಯ ಹೆಸರು! ಏಳೆಂಟು ಸಾವಿರದ ಶೂ ಎಂಟುನೂರಕ್ಕೆ ಸಿಕ್ಕಿತೆಂದು ಹುಡುಗ ಬೀಗುತ್ತಾನೆ. ನಕಲಿ ಮಾಡುವವನು ನಕಲು ಮಾಡುವುದು ಕಣ್ಣಿಗೆ ಕಾಣುವುದನ್ನು: ಬಣ್ಣ, ಗೆರೆ, ಹೆಸರು. ಓಡುವವನಿಗೆ ಬೇಕಾದದ್ದು ಕಾಣದೆ ಇರುವುದು. ಒಳಗಿನ ಫೋಮು, ಹಿಮ್ಮಡಿಯ ಬಿಗಿ, ಅಂಟು. ಮಾರುವವರೂ ಒಂದು ತಿಳಿದಿರಬೇಕು. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಂತೆ ನಕಲಿ ಹೆಸರಿನ ಸರಕು ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಹೋಲ್‌ಸೇಲಿನವನು ಕೊಟ್ಟ, ನಾವು ಮಾರಿದೆವು ಎಂದು ಕೈ ತೊಳೆದುಕೊಳ್ಳುವುದು ಅಷ್ಟು ಸುಲಭವಲ್ಲ.

ಇನ್ನು ತಟ್ಟೆಯಿಟ್ಟ ಶೂಗಳೂ ಇವೆ. ಅಟ್ಟೆಯೊಳಗೆ ಕಾರ್ಬನ್ ತಟ್ಟೆ, ಕಾಲು ತಾನಾಗೇ ಮುಂದೆ ಚಿಮ್ಮುತ್ತದಂತೆ. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಕಿಪ್ಚೋಗೆ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಓಡಿದ್ದು ಇಂಥದ್ದರಲ್ಲಿ. ಅಟ್ಟೆ ಬೆಳೆಯುತ್ತಾ ಹೋದದ್ದು ನೋಡಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ರಸ್ತೆ ಓಟದ ಶೂಗೆ 40 ಮಿಲಿಮೀಟರು ಸಾಕು ಎಂದು ಗೆರೆ ಎಳೆಯಿತು. ಬೆಲೆ ಇಪ್ಪತ್ತು ಸಾವಿರ ದಾಟುತ್ತದೆ. ಮಣ್ಣಿನ ಮೈದಾನಕ್ಕೂ ಅದಕ್ಕೂ ಸಂಬಂಧವಿಲ್ಲ, ಆ ಮಾತು ಅಲ್ಲಿಗೇ ಬಿಡೋಣ.

ತಕ್ಕಡಿಗೆ ಬಿದ್ದ ಶೂ

ಒಂದು ಸಂಜೆ ಪೇಟೆಯ ಒಂದು ಶೂ ಅಂಗಡಿಗೆ ತಂದೆ ಮಗ ಬಂದರು. ತಂದೆ ಹೆಗಲ ಮೇಲೆ ಟವೆಲು, ಟೊಮೇಟೊ ಹಾಕಿ ಬಂದ ಕೈ. ಮಗನಿಗೆ ಓಟದ ಪರೀಕ್ಷೆ ಇನ್ನು ಐದು ವಾರಕ್ಕಿದೆ. ಅವನ ಕಣ್ಣು ನೇರ ಗೋಡೆಯ ಮೇಲಿನ ದಪ್ಪ ಅಟ್ಟೆಯ ಕೆಂಪು ಶೂ ಮೇಲೆ ಹೋಯಿತು. ಬೆಲೆ 2,400.

"ಇದಾಕ್ಕೊಂಡು ಓಡಿದ್ರೆ ಕೆಲ್ಸ ಆತದಾ ಸಾಮಿ?" ಎಂದರು ತಂದೆ.

ಅಂಗಡಿಯ ಯಜಮಾನರು ನಕ್ಕರು. "ಕೆಲ್ಸ ನಾನು ಕೊಡೋಕಾಗಲ್ಲ ಯಜಮಾನ್ರೇ, ಶೂ ಕೊಡಬಲ್ಲೆ. ಕೂತ್ಕೊಳಿ" ಎಂದು ಆ ಕೆಂಪು ಶೂನ ಒಂದು ಕಾಲನ್ನೂ ಕೆಳಗಿನ ಸಾಲಿನಲ್ಲಿದ್ದ 1,350ರ ಬೂದುಬಣ್ಣದ ಒಂದು ಕಾಲನ್ನೂ ಕೈಯಲ್ಲಿ ಹಿಡಿದು ಪಕ್ಕದ ಕಿರಾಣಿ ಅಂಗಡಿಗೆ ಹೋದರು. ಬೇಳೆ ತೂಗುವ ತಕ್ಕಡಿಯ ಮೇಲೆ ಒಂದಾದ ಮೇಲೊಂದು ಇಟ್ಟರು. ಕೆಂಪು 390 ಗ್ರಾಂ. ಬೂದು 270.

ಇದೇನು ಹುಡುಗಾಟ ಎನ್ನಬೇಡಿ. 2016ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಓಟಗಾರರಿಗೆ ಗೊತ್ತಾಗದಂತೆ ಶೂ ಒಳಗೆ ಸೀಸದ ಗುಂಡು ಸೇರಿಸಿ 3000 ಮೀಟರು ಓಡಿಸಿ ನೋಡಿದರು. ಪ್ರತಿ ಶೂಗೆ ನೂರು ಗ್ರಾಂ ಹೆಚ್ಚಾದಾಗ ಓಟ ನೂರಕ್ಕೆ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ನಿಧಾನವಾಯಿತು. ಆರೂವರೆ ನಿಮಿಷ ಎಂದರೆ 390 ಸೆಕೆಂಡು. ಅದಕ್ಕೆ ಇದೇ ಲೆಕ್ಕ ಹಿಡಿದರೆ ಸುಮಾರು ಮೂರು ಸೆಕೆಂಡು. ಮೇಲಿನ ಎರಡು ಶೂಗಳ ನಡುವಿನ 120 ಗ್ರಾಂಗೆ ಮೂರೂವರೆ ಸೆಕೆಂಡು ಎಂದಿಟ್ಟುಕೊಳ್ಳಿ. ಗೆರೆಯ ಈಚೆ ಬೀಳುವುದಕ್ಕೂ ಆಚೆ ಬೀಳುವುದಕ್ಕೂ ಅಷ್ಟು ಸಾಕು. ಹಾಗೆಂದು ಏಳೂವರೆ ನಿಮಿಷ ತೆಗೆದುಕೊಳ್ಳುವವನು ಹಗುರ ಶೂ ಹಾಕಿದ ಕೂಡಲೇ ಪೊಲೀಸಾಗುವುದಿಲ್ಲ. ಅವನಿಗೆ ಬೇಕಾದದ್ದು ಶೂ ಅಲ್ಲ, ಇನ್ನೂ ಮೂರು ತಿಂಗಳ ಬೆಳಗ್ಗೆ.

ತೂಕ ಆಯಿತು, ಇನ್ನು ಕಾಲು. "ಎಷ್ಟು ನಂಬರಪ್ಪ?" ಎಂದರೆ ಹುಡುಗ "ಎಂಟು" ಎಂದ. ಯಾರು ಹೇಳಿದರು? ಅವನ ಚಪ್ಪಲಿ ಎಂಟು! ಎಡವುವುದು ಇಲ್ಲೇ. ನಮ್ಮಲ್ಲಿ ನಡೆಯುವುದು ಇಂಗ್ಲೆಂಡಿನ ನಂಬರು. ಅಮೆರಿಕದ ನಂಬರು ಅದಕ್ಕಿಂತ ಒಂದು ಜಾಸ್ತಿ, ಯೂರೋಪಿನದು ನಲವತ್ತರ ಮೇಲೆ. ಇಂಗ್ಲೆಂಡಿನ ಎಂಟು ಎಂದರೆ ಅಮೆರಿಕದ ಒಂಬತ್ತು, ಯೂರೋಪಿನ 42. ಡಬ್ಬಿಯ ಮೇಲೆ ಮೂರೂ ಅಚ್ಚಾಗಿರುತ್ತವೆ. ಅವಸರದಲ್ಲಿ ಒಂಬತ್ತು ನೋಡಿ ಎಂಟು ಒಯ್ದವರೂ ಇದ್ದಾರೆ. ಮೇಲಾಗಿ ಒಂದು ಕಂಪೆನಿಯ ಎಂಟು ಇನ್ನೊಂದು ಕಂಪೆನಿಯ ಎಂಟಿನಂತೆ ಇರುವುದಿಲ್ಲ.

ನಂಬರು ಹೇಳುವುದು ಕಾಲಿನ ಉದ್ದವನ್ನು ಮಾತ್ರ. ನಮ್ಮ ಜನರ ತಕರಾರು ಇರುವುದು ಅಗಲದಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021–22ರಲ್ಲಿ ದೇಶದ ಉದ್ದಗಲ ಲಕ್ಷಕ್ಕೂ ಮೀರಿ ಜನರ ಪಾದ ಅಳೆದರು. ಪರದೇಶದ ಅಚ್ಚಿಗಿಂತ ಭಾರತೀಯರ ಪಾದ ಅಗಲ ಎಂದು ಗೊತ್ತಾಯಿತು. ಹಳ್ಳಿಯಲ್ಲಿ ಬರಿಗಾಲು, ಚಪ್ಪಲಿಯಲ್ಲಿ ಬೆಳೆದವರ ಬೆರಳುಗಳು ಬಿಚ್ಚಿದ ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತವೆ. ಅಂಥ ಕಾಲನ್ನು ಸಪೂರ ಮೂತಿಯ ಶೂಗೆ ತುರುಕಿದರೆ ಕಿರುಬೆರಳು ಮೊದಲು ಅಳುತ್ತದೆ. ಅಗಲಕ್ಕಾಗಿ ಒಂದು ನಂಬರು ದೊಡ್ಡದು ತೆಗೆದುಕೊಂಡರೆ ಹಿಮ್ಮಡಿ ಸಡಿಲ, ಓಡುವಾಗ ಶೂ ಒಂದು ಕಡೆ, ಕಾಲು ಒಂದು ಕಡೆ.

ಇದಕ್ಕೆ ಒಂದು ಸುಲಭದ ಉಪಾಯವಿದೆ. ಶೂ ಒಳಗಿನ ತೆಳ್ಳನೆಯ ಹಾಸನ್ನು ಎಳೆದು ಹೊರಗೆ ತೆಗೆಯಿರಿ. ನೆಲದ ಮೇಲಿಟ್ಟು ಅದರ ಮೇಲೆ ನಿಂತುಕೊಳ್ಳಿ. ಕಿರುಬೆರಳು ಹಾಸಿನ ಅಂಚು ದಾಟಿ ಹೊರಗೆ ಚಾಚಿದೆಯೇ? ಆ ಶೂ ನಿಮ್ಮದಲ್ಲ, ಎಷ್ಟೇ ಚೆಂದವಿರಲಿ. ಮುಂದುಗಡೆ ಉದ್ದನೆಯ ಬೆರಳಿನ ಆಚೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಉದ್ದನೆಯ ಬೆರಳು ಎಂದರೆ ಹೆಬ್ಬೆರಳೇ ಆಗಬೇಕಿಲ್ಲ, ಎಷ್ಟೋ ಜನಕ್ಕೆ ಅದರ ಪಕ್ಕದ್ದು ಉದ್ದ. ಕೆಂಪು ಶೂನ ಹಾಸಿನ ಮೇಲೆ ಹುಡುಗ ನಿಂತ. ಎರಡೂ ಕಾಲಿನ ಕಿರುಬೆರಳು ಪೂರ್ತಿ ಹೊರಗೆ. ಅವನ ಮುಖ ಬಾಡಿತು.

ಕುಳಿತು ಅಳೆದರೆ ಸಾಲದು, ಮೈಭಾರ ಬಿದ್ದಾಗ ಪಾದ ಹರಡುತ್ತದೆ. ಎರಡೂ ಕಾಲಿಗೆ ಹಾಕಿ ನೋಡಬೇಕು, ಒಂದು ಕಾಲು ಇನ್ನೊಂದಕ್ಕಿಂತ ದೊಡ್ಡದಿರುವುದು ಸಾಮಾನ್ಯ; ದೊಡ್ಡ ಕಾಲಿಗೆ ಸರಿಹೋದದ್ದು ತೆಗೆದುಕೊಳ್ಳಬೇಕು. ಓಡುವಾಗ ಹಾಕುವ ಸಾಕ್ಸನ್ನೇ ಮನೆಯಿಂದ ತರಬೇಕು. ಅಂಗಡಿಯ ಡಬ್ಬಿಯಲ್ಲಿ ಬಿದ್ದಿರುವ, ಊರಿನ ಕಾಲೆಲ್ಲ ಕಂಡ ನೈಲಾನ್ ಸಾಕ್ಸ್‌ನಲ್ಲಿ ಅಳತೆ ನೋಡಿದರೆ ಅಳತೆಯೂ ತಪ್ಪು, ಉಳಿದದ್ದು ಹೇಳುವುದು ಬೇಡ.

ಸಂಜೆಯ ಹೊತ್ತು ಕೊಳ್ಳುವುದು ಒಳ್ಳೆಯದು. ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಹಳ್ಳಿಯವರಿಗೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಮಾರುಕಟ್ಟೆಗೆ ಬೆಳಿಗ್ಗೆ ಬಂದವರು ಮಧ್ಯಾಹ್ನದೊಳಗೆ ಎಲ್ಲ ಮುಗಿಸಿ ಬಸ್ಸು ಹಿಡಿಯಬೇಕು. ಸಂಜೆಯ ಬಸ್ಸು ತಪ್ಪಿದರೆ ಶೂ ದುಡ್ಡಿನ ಅರ್ಧ ಆಟೋದವನಿಗೆ.

ಬಗ್ಗಿಸಿ ನೋಡುವುದನ್ನು ಮರೆಯಬಾರದು. ಶೂನ ಮೂತಿ ಮತ್ತು ಹಿಮ್ಮಡಿ ಹಿಡಿದು ಒತ್ತಿದರೆ ಅದು ಬೆರಳುಗಳ ಬುಡದಲ್ಲಿ ಬಗ್ಗಬೇಕು, ಕಾಲು ಬಗ್ಗುವುದೂ ಅಲ್ಲೇ ತಾನೆ. ನಟ್ಟನಡುವೆ ಎರಡಾಗಿ ಮಡಚಿಕೊಂಡರೆ ಅದು ಶೂ ಅಲ್ಲ, ರೊಟ್ಟಿ. ಹಿಂದಿನ ಗೋಡೆಯನ್ನು ಬೆರಳಲ್ಲಿ ಒತ್ತಿ ನೋಡಿ, ಪೂರ್ತಿ ಕುಸಿಯಬಾರದು. ಕಡೆಗೆ ಲೇಸು ಬಿಗಿದು ಅಂಗಡಿಯ ಮುಂದೆ ಇಪ್ಪತ್ತು ಹೆಜ್ಜೆ ಓಡಿ. ನಾಚಿಕೆಯೇನು? ಓಡುವುದಕ್ಕೆ ತಾನೆ ಕೊಳ್ಳುವುದು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂಬ ಅಂಗಡಿಯ ಹಳೆಯ ಮಂತ್ರ ಚರ್ಮದ ಶೂಗೆ ಸರಿ. ಈಗಿನ ಬಟ್ಟೆ, ಪ್ಲಾಸ್ಟಿಕ್ಕಿನ ಶೂ ಅಷ್ಟೇನೂ ಸಡಿಲವಾಗುವುದಿಲ್ಲ. ಅಂಗಡಿಯಲ್ಲಿ ಕಚ್ಚಿದ್ದು ಮೈದಾನದಲ್ಲೂ ಕಚ್ಚುತ್ತದೆ.

ಚಪ್ಪಟೆ ಪಾದದ ಭಯ

ಅಂಗಾಲು ಒದ್ದೆ ಮಾಡಿ ನೆಲದ ಮೇಲೆ ಗುರುತು ಮೂಡಿಸಿ, ಚಪ್ಪಟೆಯೋ ಕಮಾನೋ ನೋಡಿ, ಅದಕ್ಕೆ ತಕ್ಕ ಶೂ ಕೊಳ್ಳಿ ಎಂದು ಹೇಳುವವರು ಬಹಳ. ಕೇಳಲು ಶಾಸ್ತ್ರೀಯವಾಗಿದೆ. ಅಮೆರಿಕದ ಭೂಸೇನೆ, ವಾಯುಸೇನೆ, ಮರೀನ್ ಪಡೆ ಮೂರೂ ಕಡೆ ಹೊಸದಾಗಿ ಸೇರಿದ ಸಾವಿರಾರು ಜನರ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧ ಜನಕ್ಕೆ ಪಾದದ ಆಕಾರ ನೋಡಿ ಶೂ, ಉಳಿದವರಿಗೆ ಎಲ್ಲರಿಗೂ ಒಂದೇ ಬಗೆಯ ಶೂ. ತರಬೇತಿ ಮುಗಿದಾಗ ಪೆಟ್ಟು ಮಾಡಿಕೊಂಡವರ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2010ರ ಹೊತ್ತಿಗೆ ಈ ವರದಿಗಳು ಹೊರಬಂದವು. ಕಾಲಿಗೆ ಹಿತವೆನಿಸಿದ್ದೇ ಸರಿಯಾದ ಶೂ ಎನ್ನುವ ಕಡೆಗೆ ಈಚಿನ ತಜ್ಞರು ವಾಲುತ್ತಿದ್ದಾರೆ. ಹಾಗಾಗಿ ಚಪ್ಪಟೆ ಪಾದದವರಿಗೆಂದು ಎರಡು ಸಾವಿರ ಜಾಸ್ತಿ ಕೇಳಿದರೆ ಯೋಚಿಸಿ. ಸೈನ್ಯ, ಪೊಲೀಸಿನ ವೈದ್ಯ ಪರೀಕ್ಷೆಯಲ್ಲಿ ಚಪ್ಪಟೆ ಪಾದ ನೋಡುವುದು ಬೇರೆ ವಿಷಯ. ಅದನ್ನು ಶೂ ಮುಚ್ಚುವುದಿಲ್ಲ.

ಮೊಣಕಾಲ ಕೆಳಗೆ ಮುಂದಿನ ಮೂಳೆಯ ಉದ್ದಕ್ಕೂ ನೋವು ಎಂಬುದು ಈ ಹುಡುಗರ ಸಾಮಾನ್ಯ ದೂರು. ಶೂ ಬದಲಾಯಿಸಿದರೂ ಹೋಗುವುದಿಲ್ಲ ಎನ್ನುತ್ತಾರೆ. ಹೇಗೆ ಹೋದೀತು? ಅರ್ಜಿ ಕರೆದ ಸುದ್ದಿ ಬಂದ ಮರುದಿನದಿಂದಲೇ ದಿನಕ್ಕೆ ಎಂಟು ಕಿಲೋಮೀಟರು ಶುರು! ಮೂಳೆಗೂ ಒಂದು ಬಿಡುವು ಬೇಡವೇ? ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು, ಗಟ್ಟಿ ಡಾಂಬರು ಬಿಟ್ಟು ಮಣ್ಣಿನ ದಾರಿ ಹಿಡಿಯಬೇಕು. ನೋವು ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂತೆ ಇದ್ದು, ರಾತ್ರಿ ಮಲಗಿದಾಗಲೂ ಕಾಡಿದರೆ ಅದು ಮೂಳೆಯ ಸಣ್ಣ ಬಿರುಕಿರಬಹುದು. ಆಗ ಮುಲಾಮು ಹಚ್ಚಿ ಓಡುವುದಲ್ಲ, ಡಾಕ್ಟರ ಹತ್ತಿರ ಹೋಗಬೇಕು.

ಹೊಸ ಶೂ ಹಾಕಿಕೊಂಡು ನೇರ ಪರೀಕ್ಷೆಗೆ ಹೋಗುವುದು ಇನ್ನೊಂದು ದಡ್ಡತನ. ಎರಡು ಮೂರು ವಾರ ಮುಂಚೆ ಕೊಂಡು ಕಾಲಿಗೆ ಪಳಗಿಸಬೇಕು. ಒದ್ದೆಯಾದರೆ ಬಂಡೆಯ ಮೇಲೆ ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ. ಸಂಜೆ ಪತ್ರಿಕೆಗೆ ಮರುದಿನ ಬೇರೆ ಕೆಲಸವಾದರೂ ಏನು!

ಡಬ್ಬಿಯಲ್ಲೂ ಓದುವುದಿದೆ

ಶೂ ನೋಡುವವರು ಡಬ್ಬಿ ನೋಡುವುದಿಲ್ಲ. ಡಬ್ಬಿಯ ಮೇಲೆ ಬೆಲೆಯ ಜೊತೆ ತಯಾರಾದ ತಿಂಗಳು, ವರ್ಷ ಇರಬೇಕೆಂದು ನಿಯಮವಿದೆ. ಕೆಲವು ಬಗೆಯ ಅಟ್ಟೆ, ಪಾಲಿಯುರಿಥೇನ್ ಎನ್ನುತ್ತಾರೆ, ಹಾಕದೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಹಾಳಾಗುತ್ತದೆ. ಅಟ್ಟದ ಮೇಲೆ ಐದಾರು ವರ್ಷ ಮಲಗಿದ್ದ ಮಾಲು ನೋಡಲು ಹೊಚ್ಚ ಹೊಸದು, ಎರಡನೇ ದಿನದ ಓಟಕ್ಕೆ ಹಳೆಯ ಬಿಸ್ಕತ್ತಿನಂತೆ ಉದುರುತ್ತದೆ. ಅರ್ಧ ಬೆಲೆಯ ಸೇಲಿನಲ್ಲಿ ಬರುವುದು ಹಲವು ಸಲ ಇದೇ. ವರ್ತಕರೂ ಮೋಸ ಮಾಡಬೇಕೆಂದು ಮಾರುವುದಿಲ್ಲ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಕ್ರೀಡಾ ಪಾದರಕ್ಷೆಗೆ ಭಾರತೀಯ ಮಾನಕ ಸಂಸ್ಥೆಯ ಗುಣಮಟ್ಟ ಇದೆ, ಅದರ ಸಂಖ್ಯೆ ಐಎಸ್ 15844. 2024ರ ಆಗಸ್ಟ್ 1ರಿಂದ ಪಾದರಕ್ಷೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡುವ ಆದೇಶ ಜಾರಿಗೆ ಬಂತು. ಸಣ್ಣ ತಯಾರಕರಿಗೆ, ಹಳೆಯ ದಾಸ್ತಾನಿಗೆ ವಿನಾಯಿತಿ ಕೊಟ್ಟಿದ್ದರಿಂದ ಗುರುತಿಲ್ಲದ್ದೆಲ್ಲ ಕಳ್ಳಮಾಲಲ್ಲ. ಗುರುತಿದ್ದರೆ ಒಂದು ಧೈರ್ಯ, ಅಷ್ಟೆ.

ತೆರಿಗೆಯ ವಿಷಯದಲ್ಲಿ ಮಾತ್ರ ಗಿರಾಕಿಗೆ ಒಳ್ಳೆಯ ಕಾಲ. 2025ರ ಸೆಪ್ಟೆಂಬರ್ 22ರಿಂದ ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ನೂರಕ್ಕೆ 5. ಅದರ ಮೇಲಿನದಕ್ಕೆ 18. ಮುಂಚೆ ಸಾವಿರ ದಾಟಿದರೆ ಹದಿನೆಂಟು ಬೀಳುತ್ತಿತ್ತು. ಎರಡು ಸಾವಿರ ಮೂಲ ಬೆಲೆಯ ಶೂ 2,360 ಆಗುತ್ತಿದ್ದದ್ದು ಈಗ 2,100. ಬಿಲ್ಲು ಕೇಳಿದವನಿಗೆ ಇದು ಕಾಣುತ್ತದೆ. "ಬಿಲ್ಲು ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ" ಎಂಬ ಮಾತಿಗೆ ಸೋತವನಿಗೆ ಕಾಣುವುದಿಲ್ಲ.

ಬಿಲ್ಲಿನ ಉಪಯೋಗ ತೆರಿಗೆಗಷ್ಟೇ ಅಲ್ಲ. 'ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂಬ ಬೋರ್ಡು ಪೇಟೆಯಲ್ಲಿ ದೇವರ ಪಟದ ಪಕ್ಕದಲ್ಲೇ ನೇತಾಡುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯಿದೆ ಈ ಬೋರ್ಡಿಗೆ ಬೆಲೆ ಕೊಡುವುದಿಲ್ಲ. ಮಾಲಿನಲ್ಲಿ ದೋಷವಿದ್ದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಹಾಗೆಂದು ತಿಂಗಳು ಓಡಿ ಸವೆಸಿ, ಬಣ್ಣ ಇಷ್ಟವಾಗಲಿಲ್ಲ ಎಂದು ತಂದರೆ ಕಾಯಿದೆ ಕೈ ಹಿಡಿಯುವುದಿಲ್ಲ. ದೋಷ ಬೇರೆ, ಮನಸ್ಸು ಬದಲಾಗುವುದು ಬೇರೆ.

265 ರೂಪಾಯಿಯ ಓಟ

ದೊಡ್ಡ ಹುಡುಗರ ಕಥೆ ಇದಾದರೆ ಚಿಕ್ಕವರದು ಇನ್ನೊಂದು. ಸರ್ಕಾರಿ ಶಾಲೆಯ ಮಕ್ಕಳಿಗೆ ರಾಜ್ಯ ಸರ್ಕಾರ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸು ಕೊಡುತ್ತದೆ. ದುಡ್ಡು ಶಾಲೆಯ ಎಸ್‌ಡಿಎಂಸಿಗೆ ಬರುತ್ತದೆ, ಕೊಳ್ಳುವುದು ಅವರು. 2022–23ರಲ್ಲಿ ನಿಗದಿಯಾದ ದರ ಹೀಗಿತ್ತು: ಒಂದರಿಂದ ಐದನೇ ತರಗತಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325. ಸಾಕ್ಸು ಸೇರಿಸಿ. ಶಾಲೆಗೆ ನಡೆದು ಬರಲು ಅದು ದೊಡ್ಡ ಉಪಕಾರವೇ, ಅಲ್ಲಗಳೆಯುವಂತಿಲ್ಲ. ಆದರೆ ಓಡುವುದಕ್ಕೆ ಮಾಡಿದ್ದಲ್ಲ. ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟದ ದಿನ ನೋಡಬೇಕು. ಸೀಟಿ ಊದುವ ಮುಂಚೆ ಮಕ್ಕಳು ಆ ಕಪ್ಪು ಶೂ ಬಿಚ್ಚಿ ಮೇಷ್ಟ್ರ ಬೈಕಿನ ಹತ್ತಿರ ಸಾಲಾಗಿಟ್ಟು ಬರಿಗಾಲಲ್ಲಿ ಗೆರೆಗೆ ನಿಲ್ಲುತ್ತಾರೆ. ಪಕ್ಕದಲ್ಲಿ ಖಾಸಗಿ ಶಾಲೆಯ ಹುಡುಗ ಮುಳ್ಳಿನ ಶೂ ಹಾಕಿ ನಿಂತಿರುತ್ತಾನೆ. ಬರಿಗಾಲಿನವರೇ ಗೆದ್ದು ಬಂದದ್ದೂ ಉಂಟು. ಜಿಲ್ಲೆಗೆ, ವಿಭಾಗಕ್ಕೆ ಹೋದಂತೆ ಪೈಪೋಟಿ ಏರುತ್ತದೆ. ಶಾಲೆಗೊಂದು ಅಲ್ಲದಿದ್ದರೂ ಹೋಬಳಿಗೊಂದು ಪೆಟ್ಟಿಗೆಯಲ್ಲಿ ಮೂರರಿಂದ ಎಂಟರವರೆಗೆ ನಂಬರಿಗೆರಡು ಜೊತೆ ಓಟದ ಶೂ ಇಟ್ಟು, ಕೂಟದ ದಿನ ಕೊಟ್ಟು ವಾಪಸ್ ಪಡೆದರೆ ಎಷ್ಟು ಖರ್ಚಾದೀತು? ಪೇಟೆಯ ಶೂ ವರ್ತಕರೇ ಮನಸ್ಸು ಮಾಡಿದರೂ ಆಗುವ ಕೆಲಸ. ಶಿಕ್ಷಣ ಇಲಾಖೆಯವರು ಗಮನಿಸುವರೇ?

ಶೂ ಅಂಗಡಿಯ ತಂದೆ ಮಗನ ವಿಷಯ ಅಲ್ಲಿಗೇ ನಿಂತಿತ್ತು. ಕೆಂಪು ಶೂ ಗೋಡೆಗೆ ವಾಪಸಾಯಿತು. ಬೂದುಬಣ್ಣದ್ದರಲ್ಲಿ ಎಂಟು ಬಿಗಿಯಾಯಿತು, ಒಂಬತ್ತು ಸರಿಹೋಯಿತು. ಹುಡುಗ ಅಂಗಡಿಯ ಮುಂದೆ, ತಳ್ಳುಗಾಡಿಗಳ ನಡುವೆ ಜಾಗ ಮಾಡಿಕೊಂಡು ಓಡಿ ಬಂದ. ಕಡಲೆಕಾಯಿ ಮಾರುವವಳು "ಓಡೋ ಮಗಾ, ಓಡು" ಎಂದು ನಕ್ಕಳು. ಅವನಿಗೆ ಇನ್ನೂ ಆ ಕೆಂಪಿನ ಮೇಲೇ ಆಸೆ, ಮುಖದಲ್ಲೇ ಗೊತ್ತಾಗುತ್ತಿತ್ತು.

"ಎಷ್ಟು ಕೊಡ್ಲಿ, ಕೊನೇದು ಹೇಳಿ" ಎಂದರು ತಂದೆ. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಚೌಕಾಸಿ ನಡೆದು ಸಾವಿರದ ಮುನ್ನೂರಕ್ಕೆ ನಿಂತಿತು. ಇನ್ನೂ ಐವತ್ತು ಕಮ್ಮಿ ಮಾಡಿ ಬಿಲ್ಲು ಬಿಡುವುದೋ, ಬಿಲ್ಲು ತಗೊಳ್ಳುವುದೋ ಎಂದು ಯಜಮಾನರು ಕೇಳಲಿಲ್ಲ, ತಾವೇ ಬರೆದು ಕೊಟ್ಟರು. ಉಳಿದ ದುಡ್ಡಿನಲ್ಲಿ ಎರಡು ಜೊತೆ ಸಾಕ್ಸು ಬಂತು. ಮುರುಗಮಲ್ಲದ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಹುಡುಗ ಹಳೆಯ ಚಪ್ಪಲಿಯನ್ನೇ ಮೆಟ್ಟಿಕೊಂಡು ಡಬ್ಬಿಯನ್ನು ಕಂಕುಳಲ್ಲಿಟ್ಟು ನಡೆದ. ತಂದೆ ಬಿಲ್ಲನ್ನು ನಾಲ್ಕಾಗಿ ಮಡಚಿ ಎದೆಯ ಜೇಬಿನಲ್ಲಿ ಟೊಮೇಟೊ ಮಂಡಿಯ ಚೀಟಿಯ ಜೊತೆ ಇಟ್ಟುಕೊಂಡರು.